ರೇಜರ್ ಮೇಲೆ 1904 ಅಂತ ಬರೆದಿದ್ದರೆ ಅದು 1904ರದ್ದಾ?

ಈ ಸಲದ ವಿಡಿಯೋದಲ್ಲಿ ಹಳೇ ಸೇಫ್ಟಿ ರೇಜರ್ ಸೆಟ್ಟುಗಳ ವಯಸ್ಸು ಕಂಡುಹಿಡಿಯೋದು ಹೇಗೆ ಅಂತ ಮಾತಾಡಿದ್ದೆ. ಕ್ಯಾಮೆರಾ ಮುಂದೆ ಸಣ್ಣ ಅಕ್ಷರಗಳು ಸರಿಯಾಗಿ ಕಾಣಲಿಲ್ಲ ಅಂತ ಕೆಲವರು ಹೇಳಿದ್ರು. ಅದಕ್ಕೇ ಇಲ್ಲಿ ಸ್ವಲ್ಪ ವಿವರವಾಗಿ ಬರೀತಿದ್ದೀನಿ.

ನಾನಿರೋದು ಅಹಮದಾಬಾದ್‌ನಲ್ಲಿ, ಕೆಲಸ ಸಾಫ್ಟ್‌ವೇರ್. ಭಾನುವಾರ ಬೆಳಿಗ್ಗೆ ಎಲ್ಲಿರ್ತೀನಿ ಅಂತ ಹೆಂಡತಿ ಕೇಳೋದನ್ನೇ ಬಿಟ್ಟಿದ್ದಾಳೆ. ಸಾಬರ್‌ಮತಿ ದಡದಲ್ಲಿ, ಎಲ್ಲಿಸ್ ಬ್ರಿಜ್ ಹತ್ತಿರ ರವಿವಾರಿ ಅಂತ ಸಂತೆ ಸೇರುತ್ತೆ. ಹಳೇ ಪುಸ್ತಕ, ಬೀಗ, ಮಂಚ, ಆಡು, ಕೋಳಿ, ಏನು ಬೇಕಾದ್ರೂ ಸಿಗುತ್ತೆ. ನನ್ನ ಮೊದಲ ರೇಜರ್ ಅಲ್ಲೇ ಸಿಕ್ಕಿದ್ದು. ಅದರ ಮೇಲೆ ಸಣ್ಣಗೆ 'ಪೇಟೆಂಟ್, ನವೆಂಬರ್ 15, 1904' ಅಂತ ಇಂಗ್ಲಿಷಿನಲ್ಲಿ ಒತ್ತಿತ್ತು. ಮಾರುವವನು "ನೂರು ವರ್ಷ ದಾಟಿದ ಮಾಲು ಸಾಬ್" ಅಂದ. 3,200 ರೂಪಾಯಿ ಕೊಟ್ಟು ಎದೆಯುಬ್ಬಿಸಿಕೊಂಡು ಮನೆಗೆ ಬಂದೆ.

1904 ನವೆಂಬರ್ 15 ಅಂದ್ರೆ ಕಿಂಗ್ ಕ್ಯಾಂಪ್ ಜಿಲೆಟ್‌ಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕ ದಿನ. ಸಂಖ್ಯೆ 775,134. ಆ ಪೇಟೆಂಟಿನ ಆಯಸ್ಸು 17 ವರ್ಷ, ಅಂದ್ರೆ 1921ರವರೆಗೆ. ಕಂಪನಿ ಅದೇ ದಿನಾಂಕವನ್ನು ವರ್ಷಗಟ್ಟಲೆ ಒತ್ತುತ್ತಲೇ ಇತ್ತು. ಹಾಗಾಗಿ ಆ ಅಂಕಿ ಹೇಳೋದು ಒಂದೇ ವಿಷಯ: ಈ ವಸ್ತು 1904ಕ್ಕಿಂತ ಹಳೆಯದಾಗಿರೋಕೆ ಸಾಧ್ಯವಿಲ್ಲ. 1905 ಆಗಿರಬಹುದು, 1918 ಕೂಡ ಆಗಿರಬಹುದು. ಮೊದಲ ವಿಶ್ವಯುದ್ಧದ ಕೊನೆಗೆ ಅಮೆರಿಕದ ಸೈನಿಕರಿಗೆಂದೇ ಸುಮಾರು 35 ಲಕ್ಷ ಜಿಲೆಟ್ ರೇಜರ್ ಹೋದವು ಅನ್ನೋದನ್ನ ನೆನಪಿಟ್ಟರೆ, 1904ರದ್ದಕ್ಕಿಂತ 1918ರದ್ದು ಕೈಗೆ ಸಿಗೋ ಸಾಧ್ಯತೆ ಎಷ್ಟು ಜಾಸ್ತಿ ಅಂತ ನೀವೇ ಲೆಕ್ಕ ಹಾಕಿ.

ಎರಡನೇ ಪಾಠ ಬೇರೆ ಥರದ್ದು. ಮೂರು ತುಂಡಿನ ರೇಜರ್ ಬಿಚ್ಚಿದ್ರೆ ಮೇಲಿನ ಕ್ಯಾಪ್, ಕೆಳಗಿನ ಬೇಸ್ ಪ್ಲೇಟ್, ಹಿಡಿ ಬೇರೆಬೇರೆಯಾಗುತ್ತವೆ. ಒಂದರ ಹಿಡಿ ಇನ್ನೊಂದರ ತಲೆಗೆ ಸಲೀಸಾಗಿ ಕೂರುತ್ತೆ. ಪೆಟ್ಟಿಗೆಯ ಕಥೆಯಂತೂ ಕೇಳಲೇಬೇಡಿ. ಹಾಗಾಗಿ 'ಸೆಟ್' ಅಂತ ಯಾರಾದ್ರೂ ಕೊಟ್ಟರೆ ನಾನು ಪ್ರತಿಯೊಂದು ತುಂಡಿಗೂ ಬೇರೆ ಬೇರೆ ವಯಸ್ಸು ಬರೆದುಕೊಳ್ತೀನಿ. ಆ ತುಂಡುಗಳೆಲ್ಲ ಒಂದೇ ಪೆಟ್ಟಿಗೆಗೆ ಬಂದು ಸೇರಿದ್ದು ಅವುಗಳಲ್ಲಿ ಅತಿ ಹೊಸದರ ಕಾಲಕ್ಕೆ ಅಥವಾ ಅದರ ನಂತರ.

ಅಮೆರಿಕದಲ್ಲಿ ತಯಾರಾದ ಜಿಲೆಟ್‌ಗಳಲ್ಲಿ 1950ರ ಕೊನೆಯಿಂದ ಒಂದು ಅಕ್ಷರ, ಒಂದು ಅಂಕಿ ಇರುತ್ತೆ. ಅಕ್ಷರ ವರ್ಷ, ಅಂಕಿ ಆ ವರ್ಷದ ಎಷ್ಟನೇ ಮೂರು ತಿಂಗಳು ಅನ್ನೋದು. 1951 ಡಬ್ಲ್ಯೂ, 52 ಎಕ್ಸ್, 53 ವೈ, 54 ಝಡ್. ಆಮೇಲೆ 1955ಕ್ಕೆ ಮತ್ತೆ ಎ ಯಿಂದ ಶುರು. ತೊಂದರೆ ಏನಂದ್ರೆ, 26 ವರ್ಷಕ್ಕೊಮ್ಮೆ ಅಕ್ಷರ ಸುತ್ತಿ ಬರುತ್ತೆ. ಎರಡೇ ಅಂಕಿಯಲ್ಲಿ ವರ್ಷ ಬರೆದು 2000ನೇ ಇಸವಿಯಲ್ಲಿ ಒದ್ದಾಡಿದ ನಮ್ಮ ಕಂಪ್ಯೂಟರ್ ಮಂದಿಗೆ ಈ ನೋವು ಚೆನ್ನಾಗಿ ಗೊತ್ತು.

ಈ ಅಕ್ಷರ ಓದೋಕೆ ಫೋನ್ ಕ್ಯಾಮೆರಾ ಸಾಲದು. ಆಫೀಸ್ ಕೆಲಸಕ್ಕೆ ಸೂರತ್‌ಗೆ ಹೋದಾಗ ಮಹಿಧರಪುರಾದ ವಜ್ರದ ಪೇಟೆಯಲ್ಲಿ ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸೋ ಲೂಪ್ ಕೊಂಡೆ. ಅಂಗಡಿಯವನು "ಹೀರಾ ಎಲ್ಲಿ?" ಅಂದ. ಜೇಬಿನಿಂದ ತುಕ್ಕು ಹಿಡಿದ ರೇಜರ್ ತೆಗೆದೆ. ಚಹಾ ಅಂತೂ ಕುಡಿಸಿದ.

ಇನ್ನು ನಮ್ಮ ದೇಶದ ಬ್ಲೇಡ್ ಪೊಟ್ಟಣಗಳು. ನನ್ನ ಪ್ರಕಾರ ರೇಜರ್‌ಗಿಂತ ಇವೇ ನಂಬಿಗಸ್ತ ಸಾಕ್ಷಿ. ಬೆಲೆ ಆಣೆಯಲ್ಲಿದ್ದರೆ ಸಾಮಾನ್ಯವಾಗಿ 1957 ಏಪ್ರಿಲ್‌ಗಿಂತ ಮುಂಚಿನದು. 'ನಯೇ ಪೈಸೆ' ಅಂತಿದ್ದರೆ 1957ರಿಂದ 1964ರ ಒಳಗೆ. ಅಂಗಡಿ ಚೀಟಿಯಲ್ಲಿ ಅಹಮದಾಬಾದ್ ಬಾಂಬೆ ರಾಜ್ಯದಲ್ಲಿದ್ದರೆ 1960 ಮೇ 1ರ ಮೊದಲು. ವಿಳಾಸಕ್ಕೆ ಆರಂಕಿಯ ಪಿನ್ ಇದ್ದರೆ 1972 ಆಗಸ್ಟ್ 15ರ ನಂತರ. 'ಸ್ಟೇನ್‌ಲೆಸ್' ಅಂತ ದೊಡ್ಡದಾಗಿ ಬರೆದಿದ್ದರೆ 60ರ ದಶಕ ಅಥವಾ ಆಮೇಲಿನದು. ಜರ್ಮನ್ ಮಾಲಾದರೆ ಡಿ.ಆರ್.ಪಿ. ಅನ್ನೋದು ಯುದ್ಧ ಮುಗಿಯುವ ಮುಂಚಿನ ಪೇಟೆಂಟ್ ಗುರುತು, ಡಿ.ಬಿ.ಪಿ. ಪಶ್ಚಿಮ ಜರ್ಮನಿಯದು. ಒಂದು ಮಾತು: ಹೊಳಪು ಬರಲಿ ಅಂತ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಲೇಪ ಹೋದರೆ ಮತ್ತೆ ಬರಲ್ಲ.

ಈಗ ವಡೋದರಾದ ವಿಷಯ. ಅಲ್ಲಿ ಧಾರವಾಡ ಕಡೆಯ ಒಂದು ಮನೆ ಪರಿಚಯ. ಆ ಮನೆಯ ಹಿರಿಯರನ್ನ ನಾನು ಕಾಕು ಅಂತೀನಿ. ಅವರ ಮಾವ ಎರಡನೇ ಯುದ್ಧದಲ್ಲಿ ಬರ್ಮಾ ಕಡೆಗೆ ಹೋಗಿ 1946ರಲ್ಲಿ ತಿರುಗಿ ಬಂದವರು. ಅವರು ಬರ್ಮಾದಿಂದ ತಂದದ್ದು ಅಂತ ಒಂದು ಜಿಲೆಟ್ ಟೆಕ್ ಸೆಟ್ ಮನೆಯಲ್ಲಿದೆ, ತಗಡಿನ ಪೆಟ್ಟಿಗೆ ಸಮೇತ. ಮುಂಬೈನ ಒಬ್ಬ ವ್ಯಾಪಾರಿ ಯುದ್ಧದ ಸೆಟ್ ಅಂತ ಫೋನಿನಲ್ಲೇ 9,000 ಹೇಳಿದ್ದ. ನನಗೂ ಅದರ ಮೇಲೆ ಕಣ್ಣಿತ್ತು, ಸುಳ್ಳು ಯಾಕೆ ಹೇಳಲಿ. ಕಾಕು "ನೀ ನೋಡಿ ಹೇಳಪಾ, ನಿನಗs ಕೊಡ್ತೀನಿ" ಅಂದ್ರು.

ಬೇಸ್ ಪ್ಲೇಟ್ ತಿರುಗಿಸಿದೆ. ಝಡ್, 3. ಅಂದ್ರೆ 1954ರ ಜುಲೈನಿಂದ ಸೆಪ್ಟೆಂಬರ್. ಯುದ್ಧ ಮುಗಿದು ಒಂಬತ್ತು ವರ್ಷ.

ಇಲ್ಲಿ ನನಗೆ ಇಕ್ಕಟ್ಟಾಯ್ತು. ಇದನ್ನ ಹೇಳಿದ್ರೆ ಬೆಲೆ ಇಳಿಯುತ್ತೆ, ಕೊಳ್ಳೋನು ನಾನೇ. ಅಗ್ಗಕ್ಕೆ ಹೊಡೆಯೋಕೆ ಕಥೆ ಕಟ್ಟಿದ ಅಂತ ಯಾರಿಗಾದ್ರೂ ಅನ್ನಿಸುತ್ತೆ. ಹೇಳದೇ 9,000 ಕೊಟ್ಟರೆ ಬರ್ಮಾದ ಕಥೆಗೆ ನಾನೇ ಮೊಹರು ಒತ್ತಿದ ಹಾಗೆ. ಕೊನೆಗೆ ಲೂಪನ್ನ ಅವರ ಕೈಗೇ ಕೊಟ್ಟು, ಕಿಟಕಿ ಹತ್ತಿರ ಕೂರಿಸಿ, ಏನು ಕಾಣುತ್ತೆ ಓದಿ ಅಂದೆ. ಓದಿದ್ರು. ಅಕ್ಷರದ ಪಟ್ಟಿಯನ್ನೂ ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಕ್ಷರ ತಿರುಗಿ ಬರ್ತಾವ ಅಂದ್ಯಲ್ಲ, ಇದು 80ರದ್ದು ಯಾಕ ಇರಬಾರದು?" ಅಂದ್ರು. ಒಳ್ಳೇ ಪ್ರಶ್ನೆ. ಆಮೇಲೆ ಉತ್ತರವನ್ನೂ ಅವರೇ ಕೊಟ್ಟರು: "ಇಲ್ಲ ಬಿಡು. ನಾ ಮದುವಿ ಆಗಿ ಬಂದದ್ದು 68ರಾಗ. ಅವತ್ತಿಂದ ಮಾವನವರು ಇದರಾಗs ಗಡ್ಡ ಮಾಡ್ಕೊಳ್ಳೋದು ನೋಡೀನಿ."

ಆ ಒಂದು ವಾಕ್ಯದಿಂದ 1980 ಬಿದ್ದುಹೋಯ್ತು. ಲೋಹದ ಮೇಲಿನ ಯಾವ ಗುರುತೂ ಅದನ್ನ ಅಷ್ಟು ಖಚಿತವಾಗಿ ಹೇಳ್ತಿರಲಿಲ್ಲ.

ಹಿಡಿ, ಕ್ಯಾಪ್, ಪೆಟ್ಟಿಗೆ ಮೇಲೆ ಯಾವ ದಿನಾಂಕವೂ ಇಲ್ಲ. ಟೆಕ್ ಮಾದರಿ 1930ರ ದಶಕದ ಕೊನೆಗೇ ಬಂದಿತ್ತು. ಹಾಗಾಗಿ ಹಿಡಿ ಬರ್ಮಾದಿಂದಲೇ ಬಂದು, ತಳದ ತಗಡು ಮಾತ್ರ ಆಮೇಲೆ ಬದಲಾಗಿರಬಹುದು. ಇದನ್ನೂ ಹೇಳಿದೆ. ಸಮಾಧಾನಕ್ಕೆ ಹೇಳಿದ್ದಲ್ಲ, ತುಂಡು ತುಂಡಾಗಿ ಲೆಕ್ಕ ಇಟ್ಟರೆ ಅಷ್ಟೇ ಹೇಳೋಕೆ ಬರೋದು.

ಕಾಕು ರೇಜರನ್ನ ಮತ್ತೆ ಜೋಡಿಸಿ ಪೆಟ್ಟಿಗೆಯಲ್ಲಿಟ್ಟು, "ಹಂಗಾದ್ರ ಮಾರೂದು ಬ್ಯಾಡ. ಮೊಮ್ಮಗಗ ಇರಲಿ. ನೀ ಈಗ ಹೇಳಿದ್ದೆಲ್ಲಾ ಒಂದು ಚೀಟಿ ಮ್ಯಾಲೆ ಬರದು ಒಳಗ ಇಡು" ಅಂದ್ರು. ಬರೆದಿಟ್ಟೆ: 'ಬೇಸ್ ಪ್ಲೇಟ್, 1954. ಹಿಡಿ ಮತ್ತು ಕ್ಯಾಪ್, ಗುರುತಿಲ್ಲ. 1968ರಿಂದ ಮನೆಯಲ್ಲಿ ಕಂಡವರು, ಕಾಕು.' ಊಟ ಮಾಡಿಸಿ ಕಳಿಸಿದ್ರು. ಸಂಜೆ ರೈಲಿಗೆ ಬರಿಗೈಯಲ್ಲಿ ಅಹಮದಾಬಾದ್‌ಗೆ ಬಂದೆ.