ಏಳಿಗೆಯ ಲೆಕ್ಕವೂ ಮಲಪ್ರಭೆಯ ನೀರೂ

'ದರಿದ್ರ' ಎಂಬ ಶಬ್ದವು ಓಡುವುದೆಂಬ ಅರ್ಥವುಳ್ಳ 'ದ್ರಾ' ಧಾತುವಿನಿಂದ ಹುಟ್ಟಿತೆಂದು ಶಾಬ್ದಿಕರು ಹೇಳುವರು. ಹೊಟ್ಟೆಯ ಸಲುವಾಗಿ ಅತ್ತಿತ್ತ ಅಲೆಯುವವನೇ ದರಿದ್ರನು. ಸವದತ್ತಿ, ರಾಮದುರ್ಗಗಳ ಕಡೆಯಲ್ಲಿ ಮಳೆ ತಪ್ಪಿದ ವರುಷ ಗಂಟುಮೂಟೆ ಕಟ್ಟಿಕೊಂಡು ಗೋವೆಗೆ ದುಡಿಯಹೋಗುವ ಕುಟುಂಬಗಳನ್ನು ಕಂಡವರಿಗೆ ಈ ವ್ಯುತ್ಪತ್ತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂದಿನ ಪಂಡಿತರಾದರೋ ಬಡತನವನ್ನು ಒಂದು ಗೆರೆಯಿಂದ ಅಳೆಯುತ್ತಾರೆ. ವಿಶ್ವಬ್ಯಾಂಕು 1990ರಲ್ಲಿ ತಲೆಗೆ ದಿನಕ್ಕೆ 1 ಡಾಲರೆಂದು ಎಳೆದ ಗೆರೆಯು, ಆಯಾ ದೇಶದ ಬೆಲೆಗಳಿಗೆ ಹೊಂದಿಸುತ್ತ ಹೊಂದಿಸುತ್ತ, 2025ರಲ್ಲಿ 3 ಡಾಲರಿಗೆ ಏರಿತು. ಲೆಕ್ಕಕ್ಕೆ ಇದು ಸುಲಭವೇ ಸರಿ. ಆದರೆ ಗೆರೆಯ ಮೇಲೆ ನಿಂತವನು ನಾಳೆಯೂ ಅಲ್ಲಿಯೇ ನಿಂತಾನೆಂಬ ಭರವಸೆಯನ್ನು ಆ ಗೆರೆಯು ಕೊಡಲಾರದು.

ಅಭಿವೃದ್ಧಿಯ ವಿಚಾರವೂ ಹೀಗೆಯೇ. 1949ನೆಯ ಜನವರಿ 20ರಂದು ಅಮೇರಿಕೆಯ ಅಧ್ಯಕ್ಷ ಟ್ರೂಮನ್ನರು ಜಗತ್ತಿನ ಬಹುಭಾಗವನ್ನು ಹಿಂದುಳಿದ ಪ್ರದೇಶವೆಂದು ಕರೆದು, ತಮ್ಮ ವಿಜ್ಞಾನದಿಂದ ಅದನ್ನು ಮೇಲಕ್ಕೆತ್ತುವ ಮಾತನಾಡಿದರು. 1960ರಲ್ಲಿ ರೋಸ್ಟೋ ಎಂಬ ಅರ್ಥಶಾಸ್ತ್ರಜ್ಞರು ಸಕಲ ದೇಶಗಳೂ ಅವೇ ಐದು ಮೆಟ್ಟಲುಗಳನ್ನು ಏರತಕ್ಕವೆಂದು ಗ್ರಂಥ ಬರೆದರು. ದೊಡ್ಡ ಬಂಡವಾಳ ಹೂಡಿ ದೊಡ್ಡ ಕೆಲಸ ಕೈಕೊಂಡರೆ ಸಂಪತ್ತು ಮೇಲಿನಿಂದ ಕೆಳಕ್ಕೆ ತಾನಾಗಿ ಇಳಿಯುವುದೆಂಬುದು ಆ ಕಾಲದ ನಂಬುಗೆ.

ನಮ್ಮ ಸೀಮೆಯಲ್ಲಿ ಆ ನಂಬುಗೆಯು ನವಿಲುತೀರ್ಥದ ಅಣೆಕಟ್ಟಿನ ರೂಪದಿಂದ ಬಂದಿತು. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಬರುವ ಮಲಪ್ರಭೆಯನ್ನು ಸವದತ್ತಿ ತಾಲೂಕಿನಲ್ಲಿ ತಡೆದು 1970ರ ದಶಕದಲ್ಲಿ ಕಾಲುವೆಗಳಿಗೆ ಹರಿಯಿಸಿದರು. ಜೋಳ, ಕಡಲೆ, ಕುಸುಬೆಗಳ ಎರೆಭೂಮಿಗೆ ಧಾರವಾಡದಲ್ಲಿ ಸಿದ್ಧವಾದ ವರಲಕ್ಷ್ಮೀ ಹತ್ತಿಯು ಬಂದಿತು. ಬೀಜ, ಗೊಬ್ಬರ, ಔಷಧಗಳಿಗೆ ಸಾಲವೂ ಬಂದಿತು. ಕೆಲವರ ಮನೆಗೆ ಹಣ ಬಂದದ್ದು ನಿಜ; ಅದನ್ನು ಮರೆಮಾಚುವುದು ನ್ಯಾಯವಲ್ಲ. ಆದರೆ ಎರೆಭೂಮಿಯು ನೀರನ್ನು ಹಿಡಿದಿಡುವ ಮಣ್ಣು. ಬಸಿಗಾಲುವೆ ಇಲ್ಲದಲ್ಲಿ ನೀರು ನಿಂತು ಸವಳಾಗುವುದೆಂಬುದನ್ನು ಮುದುಕರು ಬಲ್ಲವರಾಗಿದ್ದರು.

ಅಷ್ಟರಲ್ಲಿ ಹತ್ತಿಯ ಧಾರಣೆ ಬಿದ್ದಿತು. ಅದೇ ವೇಳೆಗೆ ನೀರಿನ ಕರದ ಜೊತೆಗೆ ಬೆಟರ್‌ಮೆಂಟ್ ಲೆವಿ, ಅಂದರೆ ನೀರಾವರಿಯಿಂದ ಭೂಮಿಯ ಬೆಲೆ ಏರಿತೆಂದು ಹಾಕುವ ಕರ, ತಲೆಯ ಮೇಲೆ ಬಂದಿತು. ನಾನಾಗ ಪ್ರೌಢಶಾಲೆಯ ವಿದ್ಯಾರ್ಥಿ. ಅಕ್ಷರ ಅಷ್ಟಾಗಿ ಬಾರದ ನಮ್ಮ ತಂದೆಯವರು ನೋಟೀಸನ್ನು ನನ್ನಿಂದ ಓದಿಸಿದರು. ಭೂಮಿಯ ಬೆಲೆ ಹೆಚ್ಚಿದೆಯೆಂಬ ಮಾತಿಗೆ ಬಂದಾಗ, "ಮತ್ತೊಮ್ಮೆ ಓದಪಾ" ಎಂದರು. ನಮ್ಮ ಬದುವಿನವರೆಗೆ ಕಾಲುವೆಯನ್ನು ಅಗೆದಿದ್ದರು. ನೀರು ಮಾತ್ರ ಬಂದಿರಲಿಲ್ಲ. ಓದಿ ಮುಗಿಸಿದ ಮೇಲೆ ಅವರು, "ಬೆಲಿ ಏರೈತಿ ಖರೆ. ಹೊಲಾ ಮಾರಿದರ ಆ ರೊಕ್ಕ ಕೈಗೆ ಬರತೈತಿ. ಮಾರಿ ಉಣ್ಣೂದೇನು?" ಎಂದು ಸುಮ್ಮನಾದರು. ಅನಂತರ ನಾನು ಓದಿದ ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ಈ ಪ್ರಶ್ನೆಗೆ ಸರಿಯಾದ ಉತ್ತರವನ್ನು ಬಹಳ ದಿನ ಹುಡುಕಿದೆನು.

1980ನೆಯ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಳೀಬಾರು ನಡೆದು ರೈತರು ಮಡಿದರು. ನರಗುಂದದಲ್ಲಿ ಪೋಲೀಸರೂ ಪ್ರಾಣ ಕಳೆದುಕೊಂಡರು. ಸರಕಾರವು ಅನಂತರ ಕೆಲವು ರಿಯಾಯತಿಗಳನ್ನು ಸಾರಿತು. ಕರ್ನಾಟಕ ರಾಜ್ಯ ರೈತ ಸಂಘವು ಹುಟ್ಟಿದ್ದು ಆ ವರುಷವೇ. ಯೋಜನೆಯನ್ನು ಬರೆದವರು ಎಕರೆಗಳನ್ನು ಎಣಿಸಿದ್ದರು. ಒಕ್ಕಲಿಗನ ಸಾಲದ ಕಂತನ್ನೂ ಪೇಟೆಯ ಧಾರಣೆಯನ್ನೂ ಒಂದೇ ಹಾಳೆಯ ಮೇಲಿಟ್ಟು ನೋಡಿರಲಿಲ್ಲವೆಂದೇ ನನ್ನ ತಿಳಿವಳಿಕೆ.

1998ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಅಮರ್ತ್ಯ ಸೇನರು ಈ ಲೆಕ್ಕದ ಕ್ರಮವನ್ನೇ ತಿರುವಿದರು. ಆದಾಯವೆಷ್ಟೆಂದು ಕೇಳಿ ಸುಮ್ಮನಾಗದೆ, ಆ ಮನುಷ್ಯನು ಏನು ಮಾಡಲು ಶಕ್ತನು, ಏನಾಗಿ ಬಾಳಲು ಶಕ್ತನು ಎಂದು ಕೇಳಬೇಕೆಂಬುದು ಅವರ ಮತ. ನಮ್ಮಲ್ಲಿ ಡಾ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ 35 ಸೂಚಕಗಳಿಂದ ರಾಜ್ಯದ 175 ತಾಲೂಕುಗಳನ್ನು ತೂಗಿ 114 ತಾಲೂಕುಗಳು ಹಿಂದುಳಿದವೆಂದಿತು. ಶ್ಲಾಘ್ಯವಾದ ಶ್ರಮವಿದು. ಆದರೂ ತಾಲೂಕೆಂಬ ತೂಕದ ಕಲ್ಲು ದೊಡ್ಡದಾಯಿತು. ಆಗ ಕಿತ್ತೂರು ಬೈಲಹೊಂಗಲ ತಾಲೂಕಿನೊಳಗೇ ಇತ್ತು. ಮಲೆನಾಡಿನ ಸೆರಗಿನ ಕಿತ್ತೂರಿನ ಬತ್ತದ ಗದ್ದೆಗೂ ಮೂಡಣದ ಎರೆಹೊಲಕ್ಕೂ ಒಂದೇ ಸರಾಸರಿ! ಇನ್ನು ಒಂದೇ ಮನೆಯೊಳಗೆ ಕಡೆಗೆ ಉಣ್ಣುವ ಸೊಸೆಯ ತಟ್ಟೆಯನ್ನು ಯಾವ ಸೂಚಕವು ನೋಡೀತು?

2019ರ ಆಗಸ್ಟಿನಲ್ಲಿ ಮಲಪ್ರಭೆಯು ಉಕ್ಕಿ ಮುನವಳ್ಳಿಗೂ ರಾಮದುರ್ಗದ ಕಡೆಯ ಊರುಗಳಿಗೂ ನುಗ್ಗಿತು. ನೇಕಾರರ ಮಗ್ಗದ ಕುಣಿಗಳಲ್ಲಿ ನೀರು ನಿಂತಿತು. ಬಿದ್ದ ಗೋಡೆಯನ್ನು ಅಳೆಯಬಹುದು. ಮಗ್ಗ ನಿಂತ ದಿನಗಳ ಕೂಲಿಯನ್ನು, ಹಾಸು ಕೊಳೆತುಹೋದ ನೂಲಿನ ಸಾಲವನ್ನು, ಯಾವ ಕಾಲಮಿನಲ್ಲಿ ಬರೆಯಬೇಕೆಂದು ಒಬ್ಬ ನೇಕಾರನು ನನ್ನನ್ನು ಕೇಳಿದನು. ಅರ್ಜಿಯ ಹಾಳೆಯನ್ನು ಎರಡು ಸಾರೆ ತಿರುವಿ ನೋಡಿದೆನು. ಅಂಥ ಕಾಲಮು ಅದರಲ್ಲಿರಲಿಲ್ಲ.