ಅಳಗುಳಿ ಮಣೆಯ ಗುಂಡಿ ಯಾಕೆ ದುಂಡಗೆ ಬರಲಿಲ್ಲ?

ಹೊಳಲ್ಕೆರೆಯ ನಮ್ಮ ಮನೆ ಶೆಡ್ಡಲ್ಲಿ ನಾನು, ಅಣ್ಣ ಸೇರಿ ಸಿಎನ್‌ಸಿ ರೂಟರ್ ಜೋಡಿಸಿದ್ವಿ. ಮೊದಲ ಕೆಲಸ, ಅಜ್ಜಿಗೆ ಬೇವಿನ ಹಲಗೆಯಲ್ಲಿ ಅಳಗುಳಿ ಮಣೆ: ಸಾಲಿಗೆ 7ರಂತೆ 14 ಗುಂಡಿ. ಒಂದೂ ದುಂಡಗೆ ಬರಲಿಲ್ಲ!

ಲೆಕ್ಕ ಸರಿಯಿತ್ತು. ಮೋಟಾರ್‌ಗೆ ಸುತ್ತಿಗೆ 200 ಸ್ಟೆಪ್, 1/16 ಮೈಕ್ರೋಸ್ಟೆಪ್ಪಿಂಗ್‌ನಲ್ಲಿ 3200. ಸ್ಕ್ರೂ ಸುತ್ತಿಗೆ 8 ಮಿ.ಮೀ. ಸರಿಸುತ್ತೆ; ಅಂದ್ರೆ ಮಿ.ಮೀ.ಗೆ 400 ಸ್ಟೆಪ್.

ತಪ್ಪಿದ್ದು ನಟ್‌ನಲ್ಲಿ. ಸ್ಕ್ರೂ ದಿಕ್ಕು ಬದಲಿಸಿದಾಗ, ನಟ್‌ನ ಸಡಿಲ ಮುಗಿಯೋವರೆಗೂ ಕಟರ್ ಅಲ್ಲೇ ನಿಂತಿರುತ್ತೆ. ಇದೇ ಬ್ಯಾಕ್‌ಲ್ಯಾಶ್. ಆರ್ಡುಯಿನೋ ಸ್ಟೆಪ್ ಎಣಿಸುತ್ತೆ ಅಷ್ಟೇ. ಕಟರ್ ನಿಜವಾಗಿ ಎಲ್ಲಿದೆ ಅಂತ ಅದಕ್ಕೆ ಗೊತ್ತಾಗಲ್ಲ.

ಸ್ಪ್ರಿಂಗ್ ಇರೋ ಆಂಟಿ-ಬ್ಯಾಕ್‌ಲ್ಯಾಶ್ ನಟ್ ಹಾಕಿದ ಮೇಲೆ ಎರಡನೇ ಮಣೆ ಸರಿಯಾಗಿ ಬಂತು. ನೀವು ಮಾಡೋದಾದ್ರೆ, ಒಳ್ಳೆ ಹಲಗೆ ಇಡೋ ಮುಂಚೆ ಪ್ಲೈವುಡ್ ಚೂರಲ್ಲಿ ಒಂದು ವೃತ್ತ ಕೊರೆದು, ಅಡ್ಡ-ಉದ್ದ ಅಳೆದು ನೋಡಿ. ಓರೆ ಮಣೆ ಈಗ ನನ್ನ ಟೇಬಲ್ ಮೇಲಿದೆ. ಸರಿಯಾದದ್ದಕ್ಕೆ ಅಜ್ಜಿ ಹುಣಸೆ ಬೀಜ ತುಂಬಿಸಿದ್ದಾರೆ.