‘ಇವನೇ’ ಎನ್ನುವ ಸಾಕ್ಷಿ, ‘ನಾನಲ್ಲಿರಲಿಲ್ಲ’ ಎನ್ನುವ ಆರೋಪಿ

ಅಪರಾಧ ನಡೆದದ್ದು ಕಲ್ಕತ್ತೆಯಲ್ಲಿ. ಆರೋಪಿ ಆ ದಿನ ಇದ್ದದ್ದು ಲಾಹೋರಿನಲ್ಲಿ. ಅಲಿಬಿ ಎಂದರೇನು ಎಂಬುದಕ್ಕೆ 1872ರ ಸಾಕ್ಷ್ಯ ಕಾಯ್ದೆ ಕೊಟ್ಟ ಉದಾಹರಣೆ ಇದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಊರುಗಳು ಚೆನ್ನೈ, ಲಡಾಖ್ ಎಂದಾದವು, ತತ್ವ ಮಾತ್ರ ಅದೇ. ನಿಜವಾದ ಕೊಲೆ ಮೊಕದ್ದಮೆಗಳಲ್ಲಿ ಎರಡು ಜಾಗಗಳು ಸಾಮಾನ್ಯವಾಗಿ ಇಷ್ಟು ದೂರ ಇರುವುದಿಲ್ಲ. ಕೆಲವೊಮ್ಮೆ ಅರ್ಧ ಗಂಟೆಯ ದಾರಿ, ಕೆಲವೊಮ್ಮೆ ಪಕ್ಕದ ಬೀದಿ. ಗೊಂದಲವೂ ಅಲ್ಲಿಂದಲೇ ಶುರು.

ತಪ್ಪು ಕಲ್ಪನೆ: ಕಣ್ಣಾರೆ ಕಂಡವರು ಖಚಿತವಾಗಿ ಹೇಳಿದ ಮೇಲೆ ಬೇರೆ ಮಾತಿಲ್ಲ.

ಸತ್ಯ: ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯೇ ಇಲ್ಲಿ ನ್ಯಾಯಾಲಯದ ದಾರಿ. ಅಮೆರಿಕದಲ್ಲಿ ಡಿಎನ್‌ಎ ಪರೀಕ್ಷೆಯಿಂದ ನಿರಪರಾಧಿಗಳೆಂದು ಸಾಬೀತಾದ ಮೊದಲ 375 ಮಂದಿಯ ಪೈಕಿ ಶೇ. 69ರಷ್ಟು ಪ್ರಕರಣಗಳಲ್ಲಿ ಸಾಕ್ಷಿಗಳು ತಪ್ಪು ವ್ಯಕ್ತಿಯನ್ನು ಗುರುತಿಸಿದ್ದರೆಂದು ‘ಇನ್ನೊಸೆನ್ಸ್ ಪ್ರಾಜೆಕ್ಟ್’ ಸಂಸ್ಥೆ ಲೆಕ್ಕ ಹಾಕಿದೆ. ತಪ್ಪಾಗಿ ಗುರುತಿಸಲು ಸುಳ್ಳುಗಾರರೇ ಆಗಬೇಕಿಲ್ಲ, ಪ್ರಾಮಾಣಿಕರೂ ಎಡವುತ್ತಾರೆ. ಹಾಗಾಗಿಯೇ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 1976ರ ಟರ್ನ್‌ಬುಲ್ ತೀರ್ಪಿನಲ್ಲಿ ಕೇಳಬೇಕಾದ ಪ್ರಶ್ನೆಗಳನ್ನು ಸಾಲಾಗಿ ಇಟ್ಟಿತು. ಸಾಕ್ಷಿ ಎಷ್ಟು ಹೊತ್ತು ನೋಡಿದರು? ಎಷ್ಟು ದೂರದಿಂದ? ಬೆಳಕು ಹೇಗಿತ್ತು? ಏನಾದರೂ ಅಡ್ಡವಿತ್ತೇ? ಮೊದಲೇ ಪರಿಚಯವಿತ್ತೇ? ಪೊಲೀಸರಿಗೆ ಮೊದಲು ಹೇಳಿದ ಚಹರೆಗೂ ಆರೋಪಿಯ ಚಹರೆಗೂ ತಾಳೆಯಾಗುತ್ತದೆಯೇ? ನಮ್ಮ ಕೋರ್ಟುಗಳಲ್ಲಿ ಪಾಟೀಸವಾಲು ಸುತ್ತುವುದೂ ಇವುಗಳ ಸುತ್ತಲೇ.

ತಪ್ಪು ಕಲ್ಪನೆ: ಒಬ್ಬರೇ ಸಾಕ್ಷಿಯಿದ್ದರೆ ಕೊಲೆ ಕೇಸು ನಿಲ್ಲುವುದಿಲ್ಲ.

ಸತ್ಯ: ಇಷ್ಟೇ ಸಾಕ್ಷಿಗಳು ಬೇಕೆಂದು ಕಾನೂನು ಎಲ್ಲೂ ಹೇಳಿಲ್ಲ. 1957ರ ವಡಿವೇಲು ತೇವರ್ ಪ್ರಕರಣದಲ್ಲಿ ಚಹಾ ಅಂಗಡಿಯವನ ಕೊಲೆಯನ್ನು ಕಂಡ ಅವನ ಹೆಂಡತಿಯೊಬ್ಬಳ ಮಾತನ್ನೇ ನಂಬಿ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ಎತ್ತಿಹಿಡಿಯಿತು. ತಲೆ ಎಣಿಸುವುದಲ್ಲ, ಮಾತಿನ ಗಟ್ಟಿತನ ನೋಡುವುದು ಮುಖ್ಯ ಎಂಬುದು ಅದರ ಸಾರ.

ತಪ್ಪು ಕಲ್ಪನೆ: ಗುರುತು ಪರೇಡಿನಲ್ಲಿ ಸಿಕ್ಕಿಬಿದ್ದರೆ ಅಪರಾಧ ಸಾಬೀತು.

ಸತ್ಯ: ಹಲವರ ಸಾಲಿನಲ್ಲಿ ಆರೋಪಿಯನ್ನು ನಿಲ್ಲಿಸಿ ಸಾಕ್ಷಿಯಿಂದ ಗುರುತು ಹಿಡಿಸುವ ಈ ಪರೇಡ್ ತನಿಖೆಗೆ ಆಸರೆ ಮಾತ್ರ. ಮೂಲ ಸಾಕ್ಷ್ಯವೆಂದರೆ ಕಟಕಟೆಯಲ್ಲಿ ನಿಂತು ಪ್ರಮಾಣ ಮಾಡಿ ಗುರುತಿಸುವುದು. ಪರೇಡಿಗೆ ಮೊದಲೇ ಆರೋಪಿಯ ಮುಖವನ್ನು ಠಾಣೆಯಲ್ಲೋ ಫೋಟೊದಲ್ಲೋ ಸಾಕ್ಷಿ ನೋಡಿದ್ದರೆ ಅದರ ಬೆಲೆ ಕುಸಿಯುತ್ತದೆ. ಆರೋಪಿ ಮೊದಲಿಂದಲೂ ಪರಿಚಿತನಾಗಿದ್ದರೆ ಪರೇಡೇ ಬೇಕಿಲ್ಲ.

ತಪ್ಪು ಕಲ್ಪನೆ: ‘ಆ ಹೊತ್ತಿಗೆ ನಮ್ಮ ಜೊತೆಗಿದ್ದ’ ಎಂದು ನಾಲ್ಕು ಜನ ಹೇಳಿದರೆ ಬಿಡುಗಡೆ.

ಸತ್ಯ: ಕೊಲೆಯ ಸಮಯಕ್ಕೆ ಆರೋಪಿ ಆ ಸ್ಥಳದಲ್ಲಿರುವುದು ಸಾಧ್ಯವೇ ಇರಲಿಲ್ಲ ಎಂಬಷ್ಟು ಅಲಿಬಿ ಬಿಗಿಯಾಗಿರಬೇಕೆಂದು ಸುಪ್ರೀಂ ಕೋರ್ಟಿನ 1981ರ ದೂಧನಾಥ್ ಪಾಂಡೆ ತೀರ್ಪು ಹೇಳುತ್ತದೆ. ಅದೇ ತೀರ್ಪು ಪ್ರತಿವಾದಿ ಸಾಕ್ಷಿಗಳನ್ನೂ ಪ್ರಾಸಿಕ್ಯೂಷನ್ ಸಾಕ್ಷಿಗಳಷ್ಟೇ ಸಮನಾಗಿ ನೋಡಬೇಕೆಂದಿತು.

ನಿಮಿಷಗಳ ಲೆಕ್ಕ ಎಷ್ಟು ಮುಖ್ಯ ಎಂಬುದಕ್ಕೆ ಲಾಸ್ ಏಂಜಲೀಸಿನ ಹುವಾನ್ ಕಟಲಾನ್ ಪ್ರಕರಣ ನೋಡಬೇಕು. 2003ರ ಮೇ 12ರ ರಾತ್ರಿ ನಡೆದ ಕೊಲೆಯಲ್ಲಿ ಪ್ರತ್ಯಕ್ಷದರ್ಶಿಯೊಬ್ಬರು ಫೋಟೊಗಳ ನಡುವೆ ಅವನನ್ನೇ ಆರಿಸಿದ್ದರು. ಅವನು ಮಗಳೊಂದಿಗೆ ಡಾಡ್ಜರ್ ಕ್ರೀಡಾಂಗಣದಲ್ಲಿ ಬೇಸ್‌ಬಾಲ್ ನೋಡುತ್ತಿದ್ದೆ ಎಂದ. ಟಿಕೆಟ್ ಇತ್ತು, ಮನೆಯವರ ಸಾಕ್ಷ್ಯವಿತ್ತು, ಸಾಲಲಿಲ್ಲ. ಅದೃಷ್ಟಕ್ಕೆ ಆ ದಿನ ಅಲ್ಲೇ ಒಂದು ಟಿವಿ ಹಾಸ್ಯ ಧಾರಾವಾಹಿಯ ಚಿತ್ರೀಕರಣ ನಡೆದಿತ್ತು. ವಕೀಲರು ಬಳಸದೆ ಉಳಿದ ತುಣುಕುಗಳನ್ನು ಹುಡುಕಿದಾಗ ಅಪ್ಪ–ಮಗಳು ಇಬ್ಬರೂ ಸಿಕ್ಕರು. ಆದರೆ ಆ ದೃಶ್ಯ ಕೊಲೆಗಿಂತ ಒಂದು ಗಂಟೆಗೂ ಮುಂಚಿನದು. ಅವನ ಮೊಬೈಲ್ ಕರೆ ಕ್ರೀಡಾಂಗಣದ ಹತ್ತಿರದ ಟವರಿನಿಂದ ಹೋಗಿದೆ ಎಂಬ ದಾಖಲೆ ಉಳಿದ ಹೊತ್ತನ್ನು ತುಂಬಿತು. ಸುಮಾರು ಐದು ತಿಂಗಳ ಸೆರೆವಾಸದ ಬಳಿಕ 2004ರ ಜನವರಿಯಲ್ಲಿ ನ್ಯಾಯಾಧೀಶರು ಮೊಕದ್ದಮೆಯನ್ನು ವಜಾ ಮಾಡಿದರು.

ತಪ್ಪು ಕಲ್ಪನೆ: ಅಲಿಬಿ ಸುಳ್ಳಾದರೆ ಅಪರಾಧ ಒಪ್ಪಿಕೊಂಡಂತೆಯೇ.

ಸತ್ಯ: ಹೆದರಿಕೆಯಿಂದಲೋ ಮರ್ಯಾದೆಗೆ ಅಂಜಿಯೋ ನಿರಪರಾಧಿಯೂ ಸುಳ್ಳು ಹೇಳಬಹುದು. ಅದಕ್ಕೇ ನ್ಯಾಯಾಲಯ ಮೊದಲು ನೋಡುವುದು ಪ್ರಾಸಿಕ್ಯೂಷನ್ ಕಡೆಯ ಸಾಕ್ಷ್ಯವನ್ನು. ಅದು ಸ್ವಂತ ಬಲದ ಮೇಲೆ ನಿಂತ ಬಳಿಕವೇ ಅಲಿಬಿಯನ್ನು ರುಜುವಾತು ಮಾಡುವ ಭಾರ ಆರೋಪಿಯ ಮೇಲೆ ಬೀಳುತ್ತದೆ, ಮತ್ತು ಆ ಭಾರ ಹಗುರವಲ್ಲ ಎಂದು ಬಿನಯ್ ಕುಮಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಆದರೂ ಅಲಿಬಿಯ ಸಾಕ್ಷ್ಯ ಆರೋಪಿ ಸ್ಥಳದಲ್ಲಿದ್ದನೇ ಎಂಬ ಬಗ್ಗೆ ಸಮಂಜಸವಾದ ಸಂಶಯವನ್ನು ಹುಟ್ಟಿಸಿದರೆ ಸಾಕು, ಅದರ ಲಾಭ ಸಲ್ಲುವುದು ಆರೋಪಿಗೇ.